ಹಳೇ ಮನೆ ಕೆಡವುವಾಗ ಮನೆಯವರು ಎಲ್ಲಿ ಮಲಗಬೇಕು? ಆರ್ಥಿಕತೆ ಬದಲಿಸಿದ ದೇಶಗಳ ಕಲ್ಯಾಣ ನೀತಿ: ಒಂದು ಹೋಲಿಕೆ

ನನ್ನ ದೊಡ್ಡಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಗೆ ಬೀಗ ಬಿದ್ದಾಗ ಅವರಿಗೆ 48 ವರ್ಷ. ಹೊಸ ಕೆಲಸ ಕಲಿಯುವ ವಯಸ್ಸಲ್ಲ, ಪಿಂಚಣಿ ಬರುವ ವಯಸ್ಸೂ ಅಲ್ಲ. ಬರಬೇಕಿದ್ದ ಬಾಕಿ ಹಣ ಕೈಗೆ ಸಿಗುವ ಹೊತ್ತಿಗೆ ದೊಡ್ಡಮ್ಮನ ಬಂಗಾರವೆಲ್ಲ ಗಿರವಿ ಅಂಗಡಿ ಸೇರಿತ್ತು. "ನಷ್ಟದಾಗಿತ್ತು, ಮುಚ್ಚಿದ್ರು, ಸರಿ. ನಾಳೆ ಬೆಳಿಗ್ಗೆ ನೀವೇನ್ ಮಾಡ್ತೀರಪ್ಪ ಅಂತ ಒಬ್ರೂ ಕೇಳ್ಲಿಲ್ಲ" ಅಂತ ಅವರು ಕೊನೆಯವರೆಗೂ ಹೇಳುತ್ತಿದ್ದರು.

1989ರ ನಂತರ ಇದೇ ಪ್ರಶ್ನೆ ಇಡೀ ಇಡೀ ದೇಶಗಳ ಮುಂದೆ ಬಂತು. ಪೋಲೆಂಡ್, ಹಂಗೇರಿ, ಚೆಕ್, ರಷ್ಯಾ, ಮಂಗೋಲಿಯಾ. ಅವಕ್ಕಿಂತ ಮೊದಲೇ, ಬೇರೆ ರೀತಿಯಲ್ಲಿ ಹೊರಟಿದ್ದ ಚೀನಾ. ಎಲ್ಲವನ್ನೂ ಸರ್ಕಾರವೇ ನಡೆಸುತ್ತಿದ್ದ ವ್ಯವಸ್ಥೆ ಬಿಟ್ಟು ಇವೆಲ್ಲ ಮಾರುಕಟ್ಟೆಯ ಕಡೆ ತಿರುಗಿದವು. ಅಲ್ಲಿ ಕಾರ್ಖಾನೆ ಅಂದರೆ ಬರೀ ಸಂಬಳವಲ್ಲ. ಮನೆ ಅದರದ್ದು, ಶಿಶುವಿಹಾರ ಅದರದ್ದು, ದವಾಖಾನೆಯೂ ಅದರದ್ದೇ. ಹಾಗಾಗಿ ಒಂದು ಗೇಟು ಮುಚ್ಚಿದರೆ ಬದುಕಿನ ನಾಲ್ಕಾರು ಬಾಗಿಲು ಒಟ್ಟಿಗೇ ಮುಚ್ಚುತ್ತಿದ್ದವು.

ಈಗ ನಮ್ಮಲ್ಲಿ ದಿನಾ ನಡೆಯುವ ಚರ್ಚೆ ನೋಡಿ. ಅಕ್ಕಿ ಕೊಡಬೇಕಾ, ದುಡ್ಡು ಕೊಡಬೇಕಾ? ಎಲ್ಲರಿಗೂ ಕೊಡಬೇಕಾ, ಬಿಪಿಎಲ್‌ಗೆ ಮಾತ್ರವಾ? ಹಳೇ ಪಿಂಚಣಿಯಾ, ಹೊಸದಾ? ಇವೆಲ್ಲವನ್ನೂ ಆ ದೇಶಗಳು ಈಗಾಗಲೇ ಮಾಡಿ ನೋಡಿವೆ, ಪೆಟ್ಟೂ ತಿಂದಿವೆ. ಆ ಅನುಭವಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಈ ಬರಹ. ನಾನು ಎಲ್ಲವನ್ನೂ ಅಳೆಯುವುದು ಒಂದೇ ಕೋಲಿನಿಂದ: ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ, ಆ ನಡುವಿನ ದಿನಗಳಲ್ಲಿ ಮನೆಯವರು ಎಲ್ಲಿ ಮಲಗಿದರು?

ಕೆಲಸ ಹೋದಾಗ: ಭತ್ಯೆಯೋ, ಬೇಗ ಪಿಂಚಣಿಯೋ, ಹೆಸರಿಗೊಂದು ನೌಕರಿಯೋ

ಪೋಲೆಂಡ್ ಒಂದೇಟಿಗೆ ಬದಲಾಗಲು ಹೊರಟ ದೇಶ. ಹಣಕಾಸು ಮಂತ್ರಿ ಲೆಷೆಕ್ ಬಾಲ್ತ್ಸೆರೋವಿಚ್ ಅವರ ಯೋಜನೆ 1990ರ ಜನವರಿ 1ಕ್ಕೆ ಜಾರಿಯಾಯಿತು. ಹೆಚ್ಚಿನ ಸಾಮಾನುಗಳ ಬೆಲೆಯ ಮೇಲಿದ್ದ ಸರ್ಕಾರದ ಹಿಡಿತ ಹೋಯಿತು. ಆ ವರ್ಷ ಬೆಲೆ ಏರಿಕೆ ಶೇ. 586ರ ಹತ್ತಿರ ಇತ್ತು. ನಿರುದ್ಯೋಗ ಅನ್ನುವ ಪದವೇ ಮರೆತುಹೋಗಿದ್ದ ದೇಶದಲ್ಲಿ ಆ ವರ್ಷದ ಕೊನೆಗೆ 11 ಲಕ್ಷ ಜನ ಕೆಲಸ ಕಳೆದುಕೊಂಡಿದ್ದರು. 1993ರ ಕೊನೆಗೆ ಆ ಸಂಖ್ಯೆ 29 ಲಕ್ಷ ಮುಟ್ಟಿತು.

ಆದರೆ ಒಂದು ಕೆಲಸವನ್ನು ಪೋಲೆಂಡ್ ಸರಿಯಾದ ಹೊತ್ತಿಗೆ ಮಾಡಿತ್ತು. ನಿರುದ್ಯೋಗ ಭತ್ಯೆಯ ಕಾನೂನು 1989ರ ಡಿಸೆಂಬರ್‌ನಲ್ಲೇ ಬಂದಿತ್ತು. ಅಂದರೆ ಪೆಟ್ಟು ಬೀಳುವ ಕೆಲವು ದಿನ ಮೊದಲು. ಮೊದಲ ಮೂರು ತಿಂಗಳು ಹಳೇ ಸಂಬಳದ ಶೇ. 70 ಕೊಡುತ್ತಿದ್ದರು, ಆಮೇಲೆ ನಿಧಾನಕ್ಕೆ ಇಳಿಸುತ್ತಿದ್ದರು. ಆಗ ಕಾರ್ಮಿಕ ಮಂತ್ರಿಯಾಗಿದ್ದವರು ಯಾತ್ಸೆಕ್ ಕುರೋನ್. ಕಮ್ಯುನಿಸ್ಟ್ ಆಡಳಿತದ ವಿರುದ್ಧ ನಿಂತು ವರ್ಷಗಟ್ಟಲೆ ಜೈಲಿನಲ್ಲಿದ್ದ ಮನುಷ್ಯ. ಅವರು ಟಿ.ವಿ.ಯಲ್ಲಿ ಬಂದು ಸರಳ ಮಾತಿನಲ್ಲಿ ಜನರಿಗೆ ವಿಷಯ ವಿವರಿಸುತ್ತಿದ್ದರು. ಬೀದಿಯಲ್ಲಿ ನಿಂತು ಸೂಪ್ ಬಡಿಸಿದರು. ಜನ ಆ ಸೂಪನ್ನೂ ನಿರುದ್ಯೋಗ ಭತ್ಯೆಯನ್ನೂ ಅವರ ಹೆಸರಿನಿಂದಲೇ 'ಕುರೋನ್ಯೂಫ್ಕಾ' ಅಂತ ಕರೆದರು. ಕಷ್ಟದ ದಿನಗಳಲ್ಲಿ ಮಂತ್ರಿಯೊಬ್ಬರು ಎದುರಿಗೆ ಬಂದು ನಿಲ್ಲುವುದು ಸಣ್ಣ ವಿಷಯ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ದೊಡ್ಡಪ್ಪ ಕಾದದ್ದು ಅದಕ್ಕೇ ಅಲ್ವಾ?

ಭತ್ಯೆಗೆ ಮೊದಲು ಕಾಲಮಿತಿ ಇರಲಿಲ್ಲ. ಕೆಲಸವನ್ನೇ ಮಾಡದೆ ಓದು ಮುಗಿಸಿ ಬಂದವರಿಗೂ ಸಿಗುತ್ತಿತ್ತು. ಅಷ್ಟು ಹಣ ಸರ್ಕಾರದ ಹತ್ತಿರ ಇರಲಿಲ್ಲ. ಎರಡೇ ವರ್ಷದಲ್ಲಿ ನಿಯಮ ಬಿಗಿ ಮಾಡಿದರು, ಸಾಮಾನ್ಯವಾಗಿ 12 ತಿಂಗಳಿಗೆ ಸೀಮಿತ ಮಾಡಿದರು. ಇನ್ನೊಂದು ಕಡೆ ವಯಸ್ಸಾಗುವ ಮೊದಲೇ ಪಿಂಚಣಿ ಕೊಟ್ಟು, ಅಂಗವಿಕಲ ಪಿಂಚಣಿ ಕೊಟ್ಟು ಲಕ್ಷಗಟ್ಟಲೆ ಜನರನ್ನು ಕೆಲಸದಿಂದ ಹೊರಗೆ ಕಳಿಸಿದರು. ಇದರಿಂದ ಬೀದಿ ಶಾಂತವಾಯಿತು, ಮನೆಗಳಲ್ಲಿ ಒಲೆ ಉರಿಯಿತು. ಆದರೆ 50 ದಾಟದ ಗಟ್ಟಿಮುಟ್ಟಾದ ಜನ ಜೀವನಪೂರ್ತಿ ಪಿಂಚಣಿಯ ಪಟ್ಟಿಗೆ ಸೇರಿಬಿಟ್ಟರು. 1990ರ ದಶಕದ ನಡುವಿಗೆ ಪಿಂಚಣಿಯ ಖರ್ಚೇ ದೇಶದ ಒಟ್ಟು ಉತ್ಪನ್ನದ ಏಳನೇ ಒಂದು ಭಾಗದಷ್ಟಾಗಿತ್ತು. ಆ ಭಾರ ಹೊತ್ತವರು ಕಿರಿಯರು.

ಚೆಕ್ ದಾರಿ ಬೇರೆ. 1991ರಲ್ಲೇ 'ಬದುಕಲು ಬೇಕಾದ ಕನಿಷ್ಠ ಆದಾಯ' ಎಷ್ಟು ಅಂತ ಕಾನೂನಿನಲ್ಲಿ ಬರೆದರು. ಅದಕ್ಕಿಂತ ಕೆಳಗೆ ಯಾವ ಮನೆಯೂ ಬೀಳಬಾರದು ಅನ್ನುವುದು ಲೆಕ್ಕ. ಸಂಬಳ ಜಾಸ್ತಿ ಏರದ ಹಾಗೆ ಸರ್ಕಾರ, ಕಾರ್ಮಿಕ ಸಂಘ, ಮಾಲೀಕರು ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡರು. ಬದಲಿಗೆ ಕೆಲಸಗಳು ಉಳಿದವು. ಊರೂರಿನ ಉದ್ಯೋಗ ಕಚೇರಿಗಳು ಕೆಲಸ ಹೋದವರಿಗೆ ತಾತ್ಕಾಲಿಕ ಕೆಲಸ ಹುಡುಕಿಕೊಟ್ಟವು. 1990ರ ದಶಕದ ನಡುವೆ ಅಲ್ಲಿನ ನಿರುದ್ಯೋಗ ಶೇ. 3ರಿಂದ 4ರ ಒಳಗೇ ಇತ್ತು. ಇದರಲ್ಲಿ ಒಂದು ಪಾಲು ನಿಜವಾದ ಯಶಸ್ಸು. ಪ್ರಾಗ್‌ನ ಪ್ರವಾಸೋದ್ಯಮ, ಸಣ್ಣ ಅಂಗಡಿ, ಹೋಟೆಲ್‌ಗಳು ಜನರನ್ನು ಎಳೆದುಕೊಂಡವು. ಇನ್ನೊಂದು ಪಾಲು ಮುಂದೂಡಿದ ಕಷ್ಟ. ನಷ್ಟದ ಕಾರ್ಖಾನೆಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಲೇ ಹೋದವು. 1997ರಲ್ಲಿ ಆರ್ಥಿಕ ಬಿಕ್ಕಟ್ಟು ಬಂತು, ದಶಕದ ಕೊನೆಗೆ ನಿರುದ್ಯೋಗ ಶೇ. 9ರ ಹತ್ತಿರ ಹೋಯಿತು. ಆದರೂ ಜನರಿಗೆ ಏಳೆಂಟು ವರ್ಷ ಸಿಕ್ಕಿತು. ಹೊಸ ಮನೆಯ ಗೋಡೆ ಅಷ್ಟರಲ್ಲಿ ಎದ್ದಿತ್ತು.

ರಷ್ಯಾದ ಕಥೆ ಹೇಳುವಾಗ ನನಗೆ ಸಂಕಟವಾಗುತ್ತದೆ. 1992ರ ಜನವರಿ 2ರಂದು ಅಲ್ಲಿ ಬೆಲೆಗಳನ್ನು ಬಿಟ್ಟರು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟಾದವು. ಮುದುಕರು ಜೀವನವಿಡೀ ಕೂಡಿಟ್ಟ ಹಣ ಕಣ್ಣ ಮುಂದೆ ಕರಗಿಹೋಯಿತು. ವಿಚಿತ್ರ ಅಂದರೆ, ದಾಖಲೆಯಲ್ಲಿ ಅಲ್ಲಿ ನಿರುದ್ಯೋಗ ಕಡಿಮೆಯೇ ಇತ್ತು. ಯಾಕೆಂದರೆ ಕಾರ್ಖಾನೆಗಳು ಯಾರನ್ನೂ ತೆಗೆಯುತ್ತಿರಲಿಲ್ಲ, ಸುಮ್ನೆ ಸಂಬಳ ಕೊಡುತ್ತಿರಲಿಲ್ಲ. ತಿಂಗಳುಗಟ್ಟಲೆ ಬಾಕಿ. ಕೆಲವು ಕಡೆ ಸಂಬಳದ ಬದಲು ಅದೇ ಕಾರ್ಖಾನೆಯ ಪಾತ್ರೆ, ಟವೆಲ್ ಕೊಡುತ್ತಿದ್ದರು. ಜನ ಅದನ್ನು ರಸ್ತೆ ಬದಿ ಇಟ್ಟುಕೊಂಡು ಮಾರುತ್ತಿದ್ದರು. ನಿರುದ್ಯೋಗ ಭತ್ಯೆ ಎಷ್ಟು ಕಡಿಮೆ ಇತ್ತೆಂದರೆ ಹೆಸರು ಬರೆಸಲು ಹೋಗುವುದೇ ದಂಡ. 1987ರಲ್ಲಿ ಸುಮಾರು 65 ವರ್ಷ ಇದ್ದ ಗಂಡಸರ ಸರಾಸರಿ ಆಯಸ್ಸು 1994ರಲ್ಲಿ 58ಕ್ಕಿಂತ ಕೆಳಗೆ ಬಿತ್ತು. ಯುದ್ಧವಿಲ್ಲದೆ, ಬರಗಾಲವಿಲ್ಲದೆ ಏಳು ವರ್ಷ ಆಯಸ್ಸು ಹೋಯಿತು. ಕುಡಿತ, ಹೃದಯದ ಕಾಯಿಲೆ, ಆತ್ಮಹತ್ಯೆ, ಕೊಲೆ ಎಲ್ಲವೂ ಏರಿದವು. ಇದೇ ವರ್ಷಗಳಲ್ಲಿ, ನಿರುದ್ಯೋಗ ಜಾಸ್ತಿ ಇದ್ದ ಪೋಲೆಂಡ್‌ನಲ್ಲಿ ಆಯಸ್ಸು ಏರತೊಡಗಿತ್ತು.

ಹಾಗಾಗಿ ಯಾವ ಸರ್ಕಾರವಾದರೂ "ನಮ್ಮಲ್ಲಿ ಕೆಲಸ ಹೋದವರೇ ಇಲ್ಲ" ಅಂದರೆ ಮೊದಲು ಕೇಳಬೇಕಾದ್ದು: ಸಂಬಳ ಬರ್ತಿದೆಯಾ? ನೌಕರಿಯ ಹೆಸರು ಉಳಿಸಿ ಸಂಬಳ ನಿಲ್ಲಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮನುಷ್ಯ ಅಲ್ಲಿಂದ ಬಿಟ್ಟೂ ಹೋಗಲಾರ, ಅಲ್ಲೇ ಬದುಕಲೂ ಆರ.

ಚೀನಾದಲ್ಲಿ ಸರ್ಕಾರಿ ನೌಕರಿಗೆ 'ಕಬ್ಬಿಣದ ಅನ್ನದ ಬಟ್ಟಲು' ಅನ್ನುತ್ತಿದ್ದರು. ಒಡೆಯುವುದೇ ಇಲ್ಲ ಅನ್ನುವ ನಂಬಿಕೆ. 1990ರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಸರ್ಕಾರಿ ಕಾರ್ಖಾನೆಗಳಿಂದ ಎರಡೂವರೆ ಕೋಟಿಗಿಂತ ಜಾಸ್ತಿ ಜನರನ್ನು ಇಳಿಸಿದರು. ಹೆಂಗಸರನ್ನು ಮೊದಲು ಕಳಿಸಿದರು. ಪೂರ್ತಿ ತೆಗೆದುಹಾಕದೆ, ಮೂರು ವರ್ಷದವರೆಗೆ 'ಮರುಉದ್ಯೋಗ ಕೇಂದ್ರ'ದಲ್ಲಿ ಹೆಸರಿಟ್ಟು ಸಣ್ಣ ಜೀವನ ಭತ್ಯೆ ಕೊಡುವುದು ಅವರ ಉಪಾಯ. ವಿಚಾರ ಒಳ್ಳೆಯದೇ. ಬೆಳೆಯುತ್ತಿದ್ದ ಕರಾವಳಿ ನಗರಗಳಲ್ಲಿ ನಡೆಯಿತು ಕೂಡ. ಆದರೆ ಈ ಭತ್ಯೆಯ ಒಂದು ಪಾಲನ್ನು ಕಾರ್ಖಾನೆಯೇ ಕೊಡಬೇಕಿತ್ತು. ದಿವಾಳಿಯಾದ ಕಾರ್ಖಾನೆ ಎಲ್ಲಿಂದ ಕೊಡುತ್ತದೆ? 2002ರಲ್ಲಿ ಈಶಾನ್ಯದ ಲಿಯಾವ್‌ಯಾಂಗ್, ದಾಚಿಂಗ್ ಊರುಗಳಲ್ಲಿ ಸಾವಿರಾರು ಕಾರ್ಮಿಕರು ಬೀದಿಗೆ ಬಂದರು. ಕೊಡುವವರು ಯಾರು ಅನ್ನುವುದನ್ನು ನೋಡದೆ ಯೋಜನೆ ಒಪ್ಪಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಊರಿನ ಲೆಕ್ಕ. ಪೋಲೆಂಡ್‌ನ ಉತ್ತರ ಭಾಗದಲ್ಲಿ ದೊಡ್ಡ ದೊಡ್ಡ ಸರ್ಕಾರಿ ಕೃಷಿ ಫಾರ್ಮ್‌ಗಳಿದ್ದವು. 1991ರ ಕಾನೂನಿನಿಂದ ಎರಡು ಮೂರು ವರ್ಷದಲ್ಲಿ ಎಲ್ಲವನ್ನೂ ಮುಚ್ಚಿದರು. ಕೂಲಿ ಮಾಡುತ್ತಿದ್ದವರಿಗೆ ಭತ್ಯೆ ಬಂತು, ನಿಜ. ಆದರೆ ಫಾರ್ಮ್‌ನ ಜೊತೆ ಅದರ ಬಸ್ಸು ಹೋಯಿತು, ಶಿಶುವಿಹಾರ ಹೋಯಿತು, ಅಂಗಡಿ ಹೋಯಿತು. ಹತ್ತಿರದ ಪಟ್ಟಣಕ್ಕೆ ಹೋಗಿ ಕೆಲಸ ಕೇಳೋಣ ಅಂದರೆ ಹೋಗುವುದು ಹೇಗೆ? ಆ ಊರುಗಳು ದಶಕಗಟ್ಟಲೆ ಮೇಲೇಳಲಿಲ್ಲ. ಭೂಮಿ ಸರ್ಕಾರದ್ದು, ಮನೆ ಸರ್ಕಾರದ್ದು, ಇವರ ಕೈಯಲ್ಲಿ ಮಾರಲೂ ಏನಿಲ್ಲ. ಒಂದೇ ಕಾರ್ಖಾನೆ ನಂಬಿದ ಊರಿಗೆ ಭತ್ಯೆ ಮಾತ್ರ ಸಾಲದು. ಮೊದಲು ಬಸ್ಸು ಉಳಿಸಬೇಕು, ಶಾಲೆ ಉಳಿಸಬೇಕು. ದೊಡ್ಡ ನಗರದ ಮಗ್ಗುಲಲ್ಲಿರುವ ಊರಿಗೆ ವರ್ಷದ ಭತ್ಯೆ, ಜೊತೆಗೆ ಕೆಲಸ ಹುಡುಕಿಕೊಡುವ ಕಚೇರಿ ಸಾಕಾಗಬಹುದು.

ಸರಾಸರಿ ನೋಡಿ ಮೋಸ ಹೋಗಬಾರದು ಅನ್ನುವುದಕ್ಕೆ ಚೆಕ್ ದೇಶವೇ ಸಾಕ್ಷಿ. ಶೇ. 4 ನಿರುದ್ಯೋಗ ಅಂದೆನಲ್ಲ, ಯುರೋಪಿನಲ್ಲಿ ತಲೆತಲಾಂತರದಿಂದ ಅಂಚಿಗೆ ತಳ್ಳಿಸಿಕೊಂಡು ಬಂದ ರೋಮಾ ಜನರ ಕೇರಿಗಳಲ್ಲಿ ಅದು ಅದರ ಹಲವು ಪಟ್ಟು. ಹಳೇ ಕಾಲದಲ್ಲಿ ಕಾರ್ಖಾನೆಯ ಅತಿ ಕಷ್ಟದ ಕೆಲಸ ಅವರಿಗೆ. ಬದಲಾವಣೆ ಬಂದಾಗ ಮೊದಲು ಹೊರಗೆ ಹೋದವರೂ ಅವರೇ. ಹೊಸ ಮಾಲೀಕ ಬಣ್ಣ ನೋಡಿ ಬಾಗಿಲು ಮುಚ್ಚಿದ. ಕೇರಿ, ಕೆಲಸ, ಹುಟ್ಟು ಇವು ಮೂರೂ ಹೇಗೆ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅಕ್ಕಿಯೋ, ದುಡ್ಡೋ, ಬಸ್ಸೋ

2005ರ ಜನವರಿ. ಮಾಸ್ಕೋ ಪಕ್ಕದ ಖಿಮ್ಕಿ ಅನ್ನುವ ಊರಲ್ಲಿ ಅಜ್ಜ ಅಜ್ಜಿಯರು ಕೊರೆಯುವ ಚಳಿಯಲ್ಲಿ ಹೆದ್ದಾರಿಗೆ ಅಡ್ಡ ನಿಂತರು. ಅದುವರೆಗೆ ಅವರಿಗೆ ಬಸ್ಸು, ಟ್ರಾಮ್ ಉಚಿತವಾಗಿತ್ತು. ಅನೇಕರಿಗೆ ಔಷಧಿಯೂ ಉಚಿತ. ಹಿಂದಿನ ವರ್ಷ ಮಾಡಿದ ಕಾನೂನಿನ ಪ್ರಕಾರ ಜನವರಿ 1ರಿಂದ ಅವೆಲ್ಲ ನಿಂತು, ಬದಲಿಗೆ ತಿಂಗಳಿಗಿಷ್ಟು ನಗದು ಅಂತಾಯಿತು. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದು ಚೆಂದ ಕಾಣುತ್ತದೆ. ಹಳ್ಳಿಯಲ್ಲಿ ಬಸ್ಸೇ ಬರದ ಅಜ್ಜಿಗೆ ಉಚಿತ ಬಸ್ಸಿನಿಂದ ಏನು ಲಾಭ? ದುಡ್ಡು ಕೊಟ್ಟರೆ ಅವಳು ಬೇಕಾದ್ದಕ್ಕೆ ಬಳಸಬಹುದು. ಈ ಮಾತಿನಲ್ಲಿ ನ್ಯಾಯವೂ ಇದೆ. ರಷ್ಯಾದ ಹಳ್ಳಿಯ ಅನೇಕರಿಗೆ ಇದರಿಂದ ಲಾಭವೇ ಆಯಿತು.

ತಪ್ಪಿದ್ದು ಮೂರು ಕಡೆ. ಕೊಟ್ಟ ಹಣ ಪಟ್ಟಣದ ಅಜ್ಜಿಯ ಬಸ್ ಖರ್ಚಿಗೆ ಸಾಲಲಿಲ್ಲ. ಒಂದು ದೊಡ್ಡ ಗುಂಪಿನ ಹೊಣೆಯನ್ನು ಕೇಂದ್ರ ಸರ್ಕಾರ ಪ್ರಾಂತ್ಯಗಳ ತಲೆಗೆ ಕಟ್ಟಿತು, ಬಡ ಪ್ರಾಂತ್ಯಗಳ ಕೈ ಖಾಲಿ. ಮೂರನೆಯದು ನನ್ನ ಹಳೇ ಪ್ರಶ್ನೆ: ಹಣ ಕೈಗೆ ಬರುವ ಮೊದಲೇ ಕಂಡಕ್ಟರ್ ಟಿಕೆಟ್ ಕೇಳಿದ. ಹೊಸ ವರ್ಷದ ರಜೆ ಮುಗಿಸಿ ಬಸ್ ಹತ್ತಿದ ಯುದ್ಧದ ಹಿರಿಯ ಯೋಧನನ್ನು ಕೆಳಗಿಳಿಸಿದರೆ ಅವನಿಗೆ ಹೇಗಾಗಬೇಡ? ಉಚಿತ ಪ್ರಯಾಣ ಅವರಿಗೆ ಬರೀ ರೂಬಲ್ ಲೆಕ್ಕವಲ್ಲ, ದೇಶ ಕೊಟ್ಟ ಮರ್ಯಾದೆ. ಪ್ರತಿಭಟನೆ ಊರಿಂದೂರಿಗೆ ಹಬ್ಬಿತು. ಕೊನೆಗೆ ಸರ್ಕಾರ ರಿಯಾಯಿತಿ ಪಾಸು ತಂದಿತು, ಪಿಂಚಣಿ ಏರಿಕೆಯನ್ನು ಮುಂಚಿತವಾಗಿ ಕೊಟ್ಟಿತು.

ಔಷಧಿಯ ಕಥೆಯಲ್ಲಿ ಇನ್ನೂ ಆಳವಾದ ಪಾಠವಿದೆ. ಮುಂದಿನ ವರ್ಷದಿಂದ "ಔಷಧಿ ಬೇಕಾ, ಅದರ ಬದಲು ಹಣ ಬೇಕಾ, ನೀವೇ ಆರಿಸಿ" ಅಂದರು. ಆರೋಗ್ಯವಾಗಿದ್ದವರೆಲ್ಲ ಹಣ ತೆಗೆದುಕೊಂಡರು. ಔಷಧಿಯ ನಿಧಿಯಲ್ಲಿ ಉಳಿದವರು ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ರೋಗಿಗಳು. ಎಲ್ಲರ ಪಾಲು ಸೇರಿದಾಗ ನಡೆಯುತ್ತಿದ್ದ ನಿಧಿ, ರೋಗಿಗಳು ಮಾತ್ರ ಉಳಿದಾಗ ಬತ್ತಿತು. ಔಷಧಿ ಅಂಗಡಿಗಳಲ್ಲಿ ಕೊರತೆಯಾಯಿತು. ಆಯ್ಕೆ ಕೊಡುವುದು ಯಾವಾಗಲೂ ಒಳ್ಳೆಯದು ಅಂತ ಅಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಾಯಿಲೆಯಂಥ ವಿಷಯದಲ್ಲಿ ಎಲ್ಲರೂ ಒಂದೇ ಚೀಲಕ್ಕೆ ಹಾಕಿದರೆ ಮಾತ್ರ ಬೇಕಾದವರಿಗೆ ಸಿಗುತ್ತದೆ.

ನಮ್ಮ ರಾಜ್ಯ ಇದರ ಇನ್ನೊಂದು ರೂಪ ನೋಡಿದೆ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಆರಂಭದಲ್ಲಿ ಮತ್ತೆ ಅಕ್ಕಿಗೇ ಬಂದರು. ಅಂಗಡಿಯಲ್ಲಿ ಆ ಬೆಲೆಗೆ ಊಟ ಮಾಡುವಂಥ ಅಕ್ಕಿ ಸಿಗುತ್ತದಾ ಅಂತ ಹೆಂಗಸರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ, ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ.

ನನ್ನ ಆಯ್ಕೆ ಹೀಗೆ. ಬೆಲೆ ಹುಚ್ಚೆದ್ದು ಏರುವಾಗ ವಸ್ತುವೇ ಇರಲಿ. ಅಕ್ಕಿಗೆ ಹಣದುಬ್ಬರ ತಟ್ಟುವುದಿಲ್ಲ, ಒಂದು ಕೆ.ಜಿ. ಒಂದು ಕೆ.ಜಿ.ಯೇ. ಬೆಲೆ ನಿಂತ ಮೇಲೆ, ಹತ್ತಿರದಲ್ಲಿ ಅಂಗಡಿಯೂ ಬ್ಯಾಂಕೂ ಇರುವ ಕಡೆ ನಗದು ಒಳ್ಳೆಯದು, ಅದರಲ್ಲೂ ಮನೆಯ ಹೆಣ್ಣುಮಗಳ ಖಾತೆಗೆ. ಬಸ್ಸು, ಔಷಧಿ, ಶಾಲೆಯ ಊಟ ಇವನ್ನು ನಗದು ಮಾಡಲೇಬಾರದು.

ಎಲ್ಲರಿಗೂ ಕೊಡುವುದಾ, ಬಡವರಿಗೆ ಮಾತ್ರವಾ

"ಕಾರಿದ್ದವರಿಗೆ ಯಾಕೆ ಕೊಡಬೇಕು?" ಈ ಮಾತು ಕೇಳದ ಕನ್ನಡಿಗರಿಲ್ಲ. ಬಡವರಿಗೆ ಮಾತ್ರ ಅನ್ನುವುದು ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಇರುವುದು ಬಡವರು ಯಾರು ಅಂತ ಗುರುತಿಸುವುದರಲ್ಲಿ.

ಚೀನಾ ಮಾಡಿದ್ದು ಕಟ್ಟುನಿಟ್ಟಿನ ಪಟ್ಟಿ. 1993ರಲ್ಲಿ ಶಾಂಘೈಯಲ್ಲಿ ಶುರುವಾದ 'ದಿಬಾವ್' ಅನ್ನುವ ಕನಿಷ್ಠ ಜೀವನ ಖಾತರಿ 1999ಕ್ಕೆ ಎಲ್ಲ ನಗರಗಳಿಗೆ, 2007ಕ್ಕೆ ಹಳ್ಳಿಗಳಿಗೂ ಬಂತು. ಕೇರಿಯ ಸಮಿತಿ ಮನೆಗೆ ಬಂದು ನೋಡುತ್ತದೆ. ಹೆಸರನ್ನು ಗೋಡೆಗೆ ಅಂಟಿಸುತ್ತದೆ, ಅಕ್ಕಪಕ್ಕದವರ ತಕರಾರು ಕೇಳುತ್ತದೆ. ಕೆಲವು ಊರುಗಳಲ್ಲಿ ಮೋಟಾರ್‌ಬೈಕ್ ಇದ್ದರೆ, ಮೊಬೈಲ್ ಇದ್ದರೆ ಇಲ್ಲ ಅಂದರು. ಕೆಲಸ ಹುಡುಕಲು ಮೊಬೈಲ್ ಬೇಕಲ್ವಾ? ಅದನ್ನು ಮಾರಿದರೆ ಮಾತ್ರ ಅನ್ನ. ಕೋಟಿಗಟ್ಟಲೆ ಜನರಿಗೆ ಇದು ನೆರವಾಗಿದೆ, ಅದನ್ನು ಮರೆಯಬಾರದು. ಆದರೆ ನಿಜವಾಗಿ ಬಡವರಾದ ಎಷ್ಟೋ ಜನ ಹೊರಗೆ ಉಳಿದದ್ದೂ ನಿಜ. ಬಡತನವನ್ನು ಗೋಡೆಗೆ ಅಂಟಿಸಿಕೊಳ್ಳಲು ನಾಚಿ ಅರ್ಜಿಯೇ ಹಾಕದವರೂ ಇದ್ದರು.

ಉಜ್ಬೇಕಿಸ್ತಾನ 1994ರಲ್ಲಿ ಈ ಕೆಲಸವನ್ನು 'ಮಹಲ್ಲಾ' ಸಮಿತಿಗಳಿಗೆ ಒಪ್ಪಿಸಿತು. ಅಂದರೆ ಓಣಿಯ ಹಿರಿಯರಿಗೆ. ಇಂಥವರ ಮನೆಯಲ್ಲಿ ಒಲೆ ಹಚ್ಚಿಲ್ಲ ಅಂತ ಕಚೇರಿಯ ಗುಮಾಸ್ತನಿಗಿಂತ ಓಣಿಯ ಹಿರಿಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಖರ್ಚೂ ಕಡಿಮೆ. ಆದರೆ ಹಿರಿಯರ ಜೊತೆ ಜಗಳವಾಡಿದ ಸೊಸೆಗೆ, ಗಂಡನನ್ನು ಬಿಟ್ಟ ಹೆಂಗಸಿಗೆ, ಊರಿನ ಕಟ್ಟಳೆ ಮೀರಿದವರಿಗೆ? ನಮ್ಮ ಗ್ರಾಮಸಭೆಯ ಮನೆ ಹಂಚಿಕೆ ಪಟ್ಟಿಯನ್ನು ಹತ್ತಿರದಿಂದ ನೋಡಿದವರಿಗೆ ಉತ್ತರ ಗೊತ್ತು.

ಪೋಲೆಂಡ್‌ನ ಅನುಭವ ನನ್ನ ಮನಸ್ಸು ಬದಲಿಸಿತು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಎರಡನೇ ಮಗುವಿನಿಂದ ಶುರುಮಾಡಿ ಪ್ರತಿ ಮಗುವಿಗೂ ತಿಂಗಳಿಗೆ 500 ಜ್ಲೋಟಿ (ಅಲ್ಲಿನ ಹಣ) ಕೊಡತೊಡಗಿತು. ಶ್ರೀಮಂತ, ಬಡವ ಅನ್ನುವ ಭೇದವಿಲ್ಲ. ಮೊದಲ ಮಗುವಿಗೆ ಮಾತ್ರ ಆದಾಯದ ಮಿತಿ ಇಟ್ಟರು. ಆಗ ಆದದ್ದೇನು? ಒಂದೇ ಮಗುವಿನೊಂದಿಗೆ ಒಂಟಿಯಾಗಿ ಬದುಕುವ ತಾಯಿಯ ಸಂಬಳ ಮಿತಿಗಿಂತ ಚೂರು ಜಾಸ್ತಿಯಾದರೂ ಅವಳಿಗೆ ಸೊನ್ನೆ. ಎರಡು ಮಕ್ಕಳ ಸಿರಿವಂತ ಮನೆಗೆ 500. ಸಂಬಳ ಏರಿಸಿದರೆ ಬೇಡ ಅನ್ನುವ ಸ್ಥಿತಿ ಬಂತು. 2019ರ ಜುಲೈನಿಂದ ಮಿತಿ ತೆಗೆದು ಎಲ್ಲ ಮಕ್ಕಳಿಗೂ ಕೊಟ್ಟರು. ಮೊದಲ ಒಂದೆರಡು ವರ್ಷದಲ್ಲೇ ಮಕ್ಕಳ ಕಡುಬಡತನ ಚೆನ್ನಾಗಿ ಇಳಿದಿತ್ತು. ಇದಕ್ಕೂ ಒಂದು ಬೆಲೆ ಇತ್ತು. ಕಡಿಮೆ ಸಂಬಳದ ಕೆಲವು ತಾಯಂದಿರು ಕೆಲಸ ಬಿಟ್ಟರು. ಬೇಸರ ಬರಿಸುವಂಥ ಕೆಲಸ ಬಿಟ್ಟು ಮಗು ನೋಡಿಕೊಂಡರೆ ತಪ್ಪೇನು ಅಂತ ಕೇಳಬಹುದು. ಆದರೆ ಹತ್ತಿರದಲ್ಲಿ ಶಿಶುವಿಹಾರ ಇದ್ದಿದ್ದರೆ ಎಷ್ಟು ಜನ ಬಿಡುತ್ತಿದ್ದರು ಅನ್ನುವುದು ನನ್ನ ಪ್ರಶ್ನೆ.

ಮಂಗೋಲಿಯಾ 2005ರಲ್ಲಿ ಬಡ ಮಕ್ಕಳಿಗೆ ಮಾತ್ರ ಅಂತ ಶುರುಮಾಡಿ, ಗುರುತಿಸಲಾಗದೆ ಮರುವರ್ಷವೇ ಎಲ್ಲ ಮಕ್ಕಳಿಗೂ ಕೊಟ್ಟಿತು. ಹಣ ಬರುತ್ತಿದ್ದದ್ದು ತಾಮ್ರ, ಚಿನ್ನದ ಗಣಿಯಿಂದ. ತಾಮ್ರದ ಬೆಲೆ ಬಿದ್ದಾಗೆಲ್ಲ ಮಕ್ಕಳ ಹಣಕ್ಕೂ ಕುತ್ತು ಬಂತು. ಎಲ್ಲರಿಗೂ ಕೊಡುವುದಾದರೆ ಗಣಿಯ ಅದೃಷ್ಟವನ್ನು ನಂಬಬಾರದು, ತೆರಿಗೆಯನ್ನು ನಂಬಬೇಕು. ಕಾರಿದ್ದವರಿಗೂ ಕೊಡಿ, ಅವರಿಂದ ತೆರಿಗೆಯಲ್ಲಿ ವಾಪಸ್ ತಗೊಳ್ಳಿ. ಬಾಗಿಲಲ್ಲಿ ನಿಲ್ಲಿಸಿ ಬಡವನನ್ನು ಪರೀಕ್ಷೆ ಮಾಡುವುದಕ್ಕಿಂತ ಅದು ಸುಲಭ.

ಭಾರತವೂ 1997ರಲ್ಲಿ ಎಲ್ಲರಿಗೂ ಇದ್ದ ರೇಷನ್ ಅನ್ನು ಬಡವರ ಪಟ್ಟಿಗೆ ಇಳಿಸಿತು. ತಮಿಳುನಾಡು ಒಪ್ಪಲಿಲ್ಲ, ಎಲ್ಲರಿಗೂ ಮುಂದುವರಿಸಿತು. ಎರಡೂ ಕಡೆಯ ನ್ಯಾಯಬೆಲೆ ಅಂಗಡಿ ನೋಡಿದವರು ಯಾವುದು ಚೆನ್ನಾಗಿ ನಡೆಯಿತು ಅಂತ ಹೇಳಬಲ್ಲರು. ಮೇಷ್ಟ್ರ ಮನೆಯವರೂ ಸಾಲಿನಲ್ಲಿ ನಿಂತರೆ ತೂಕದಲ್ಲಿ ಮೋಸ ಕಡಿಮೆ.

ದವಾಖಾನೆ

ದವಾಖಾನೆ ಎಲ್ಲರಿಗೂ ಇರಲೇಬೇಕು, ಇಲ್ಲಿ ಆಯ್ಕೆಯೇ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೂ ಚೀನಾದ ಹಳ್ಳಿಗಳ ಕಥೆ ಹೇಳಲೇಬೇಕು. 1970ರ ದಶಕದ ಕೊನೆಗೆ ಅಲ್ಲಿ ಶೇ. 90ರಷ್ಟು ಹಳ್ಳಿಗಳಲ್ಲಿ ಸಹಕಾರಿ ವೈದ್ಯಕೀಯ ವ್ಯವಸ್ಥೆ ಇತ್ತು. ಖರ್ಚು ನಡೆಯುತ್ತಿದ್ದದ್ದು ಹಳ್ಳಿಯ ಸಾಮೂಹಿಕ ಬೇಸಾಯದ ಆದಾಯದಿಂದ. ಸಾಮೂಹಿಕ ಬೇಸಾಯ ಮುರಿದು ಹೊಲವನ್ನು ಮನೆಮನೆಗೆ ಹಂಚಿದರು. ಬೆಳೆ ಏರಿತು, ಹೊಟ್ಟೆ ತುಂಬಿತು. ಅದು ದೊಡ್ಡ ಗೆಲುವು. ಆದರೆ ದವಾಖಾನೆಗೆ ಹಣ ಎಲ್ಲಿಂದ ಅಂತ ಯಾರೂ ಯೋಚಿಸಲಿಲ್ಲ. 1980ರ ದಶಕದ ನಡುವಿಗೆ ಆ ಶೇ. 90 ಶೇ. 5ಕ್ಕೆ ಇಳಿದಿತ್ತು. ಹಳ್ಳಿಯ ವೈದ್ಯ ಔಷಧಿ ಮಾರಿ ಬದುಕುವ ಹಾಗಾಯಿತು, ಬೇಕಿಲ್ಲದ ಔಷಧಿಯನ್ನೂ ಬರೆದ. ಒಂದು ಆಪರೇಷನ್ ಅಂದರೆ ಒಂದು ಮನೆ ಸಾಲಕ್ಕೆ ಬಿದ್ದ ಹಾಗೆ.

ಮತ್ತೆ ಕಟ್ಟಲು ಶುರುಮಾಡಿದ್ದು 2003ರಲ್ಲಿ. ರೈತ 10 ಯುವಾನ್, ಊರಿನ ಸರ್ಕಾರ 10, ಕೇಂದ್ರ 10. ಹತ್ತು ವರ್ಷದೊಳಗೆ ಶೇ. 95ಕ್ಕಿಂತ ಜಾಸ್ತಿ ಹಳ್ಳಿಗರು ಇದರೊಳಗೆ ಬಂದರು. ಅದೇ 2003ರಲ್ಲಿ ನಮ್ಮ ಯಶಸ್ವಿನಿ ಯೋಜನೆ ಸಹಕಾರಿ ಸಂಘದ ರೈತರಿಗೆ ವರ್ಷಕ್ಕೆ 60 ರೂಪಾಯಿಗೆ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟದ್ದು ನೆನಪಿದೆಯಾ? ಎರಡೂ ಕಡೆ ಜನ ಸಣ್ಣ ಮೊತ್ತ ಹಾಕಿದರು, ಎರಡೂ ಕಡೆ ಸರ್ಕಾರ ಜೊತೆ ನಿಂತಿತು. ಆದರೆ ಚೀನಾದ ಹಳ್ಳಿಗರು ನಡುವೆ ಸುಮಾರು 20 ವರ್ಷ ಬಯಲಲ್ಲಿ ಮಲಗಿದ್ದರು.

ಪಿಂಚಣಿ: ಎಲ್ಲರ ಕೊಡವೋ, ಅವರವರ ಚೊಂಬೋ

ಹಳೇ ಪದ್ಧತಿಯಲ್ಲಿ ಇವತ್ತು ದುಡಿಯುವವರು ಕಟ್ಟಿದ ಹಣದಿಂದ ಇವತ್ತಿನ ಹಿರಿಯರಿಗೆ ಪಿಂಚಣಿ. ಹೊಸದರಲ್ಲಿ ನಿನ್ನ ಹಣ ನಿನ್ನ ಖಾತೆಗೆ, ಖಾಸಗಿ ಕಂಪನಿ ಅದನ್ನು ಷೇರು, ಬಾಂಡ್‌ಗಳಲ್ಲಿ ಬೆಳೆಸುತ್ತದೆ. ಹಂಗೇರಿ 1998ರಲ್ಲಿ, ಪೋಲೆಂಡ್ 1999ರಲ್ಲಿ ಒಂದು ಪಾಲನ್ನು ಹೊಸ ಪದ್ಧತಿಗೆ ಹಾಕಿದವು. ಪೋಲೆಂಡ್‌ನಲ್ಲಿ ಸಂಬಳದ ಶೇ. 7.3 ಖಾಸಗಿ ನಿಧಿಗೆ ಹೋಗುತ್ತಿತ್ತು. ಸರಿ, ಆದರೆ ಈಗಾಗಲೇ ನಿವೃತ್ತರಾದವರಿಗೆ ಯಾರು ಕೊಡಬೇಕು? ಸರ್ಕಾರ ಸಾಲ ಮಾಡಿ ಕೊಟ್ಟಿತು. 2008ರ ಜಾಗತಿಕ ಬಿಕ್ಕಟ್ಟಿನಲ್ಲಿ ಸಾಲ ಕುತ್ತಿಗೆಗೆ ಬಂತು. ಹಂಗೇರಿ 2010ರ ಕೊನೆಯಲ್ಲಿ ಖಾಸಗಿ ಖಾತೆಗಳನ್ನು ಹೆಚ್ಚು ಕಡಿಮೆ ಪೂರ್ತಿ ಸರ್ಕಾರಕ್ಕೆ ಎಳೆದುಕೊಂಡಿತು. ಪೋಲೆಂಡ್ 2011ರಲ್ಲಿ ಆ ಶೇ. 7.3 ಅನ್ನು 2.3ಕ್ಕೆ ಇಳಿಸಿ, 2014ರಲ್ಲಿ ನಿಧಿಯ ಅರ್ಧಕ್ಕಿಂತ ಜಾಸ್ತಿ ಆಸ್ತಿಯನ್ನು ಸರ್ಕಾರಿ ಸಂಸ್ಥೆಗೆ ದಾಟಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಂತೆ 1981ರಿಂದ 2014ರವರೆಗೆ ಪಿಂಚಣಿಯನ್ನು ಖಾಸಗಿ ಮಾಡಿದ 30 ದೇಶಗಳಲ್ಲಿ 18 ದೇಶಗಳು 2018ರ ಹೊತ್ತಿಗೆ ಹಿಂದೆ ಸರಿದಿದ್ದವು.

ಕೇಂದ್ರ ಸರ್ಕಾರದಲ್ಲಿ 2004ರಿಂದ, ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇರಿದ ನೌಕರರ ಎನ್‌ಪಿಎಸ್ (ಹೊಸ ಪಿಂಚಣಿ ಪದ್ಧತಿ) ಜಗಳಕ್ಕೂ ಇದಕ್ಕೂ ನಂಟಿದೆ. ನೌಕರರ ಭಯ ಸುಳ್ಳಲ್ಲ. ಷೇರುಪೇಟೆ ಬಿದ್ದ ವರ್ಷವೇ ನಿವೃತ್ತಿಯಾದರೆ ಗತಿ ಏನು? ಆದರೆ ನನ್ನ ಕಾಳಜಿ ಇನ್ನೂ ಕೆಳಗಿದೆ. ಹಳೆಯದಾಗಲಿ ಹೊಸದಾಗಲಿ, ಎರಡೂ ಸಂಬಳದ ಚೀಟಿ ಇದ್ದವರ ಪಿಂಚಣಿ. ಗಾರೆ ಕೆಲಸದವರು, ಮನೆಗೆಲಸದವರು, ಬೀಡಿ ಕಟ್ಟುವವರು ಎರಡರಲ್ಲೂ ಇಲ್ಲ.

ಆರಿಸಿದ ಮೇಲೆ: ನಿಲ್ಲಿಸುವಾಗ, ಮರೆತುಬಿಡುವಾಗ

1995ರ ಮಾರ್ಚ್‌ನಲ್ಲಿ ಹಂಗೇರಿಯ ಖಜಾನೆ ಬರಿದಾಗುವ ಹಂತಕ್ಕೆ ಬಂದಿತ್ತು. ಹಣಕಾಸು ಮಂತ್ರಿ ಲಾಯೋಶ್ ಬೊಕ್ರೋಶ್ ಎಲ್ಲರಿಗೂ ಸಿಗುತ್ತಿದ್ದ ಮಕ್ಕಳ ಭತ್ಯೆ, ಹೆರಿಗೆ ಭತ್ಯೆಗಳನ್ನು ಕತ್ತರಿಸಲು ಹೊರಟರು. ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ತಡೆಯಿತು. ಕಡಿಮೆ ಮಾಡಲೇಬಾರದು ಅಂತ ಅಲ್ಲ. ಈಗಾಗಲೇ ಹುಟ್ಟಿದ ಮಕ್ಕಳು, ಈಗಾಗಲೇ ಗರ್ಭಿಣಿಯರಾದ ತಾಯಂದಿರು ಈ ಭತ್ಯೆ ನಂಬಿ ಬದುಕು ಯೋಚಿಸಿದ್ದಾರೆ, ಅವರಿಗೆ ಸಿದ್ಧವಾಗಲು ಸಮಯ ಕೊಡದೆ ರಾತ್ರೋರಾತ್ರಿ ನಿಲ್ಲಿಸುವ ಹಾಗಿಲ್ಲ ಅಂದಿತು. ಈ ಇಡೀ ಮೂವತ್ತೈದು ವರ್ಷದ ಕಥೆಯಲ್ಲಿ ನನಗೆ ಅತಿ ಇಷ್ಟವಾದ ತೀರ್ಪು ಇದು. ಸ್ಲೊವಾಕಿಯಾದಲ್ಲಿ ಅಂಥ ತಡೆ ಬರಲಿಲ್ಲ. 2004ರ ಆರಂಭದಲ್ಲಿ ಬಡವರ ನೆರವನ್ನು ಏಕಾಏಕಿ ಇಳಿಸಿದರು. ಪೂರ್ವ ಭಾಗದ ರೋಮಾ ಕೇರಿಗಳ ಜನ ಅಂಗಡಿಗಳಿಗೆ ನುಗ್ಗಿ ಊಟದ ಸಾಮಾನು ಹೊತ್ತೊಯ್ದರು. ಸರ್ಕಾರ ಸೈನ್ಯ ಕಳಿಸಿತು.

ನಿಲ್ಲಿಸದೆಯೂ ನಿಲ್ಲಿಸಬಹುದು, ಮೊತ್ತ ಏರಿಸದೆ ಬಿಟ್ಟರೆ ಸಾಕು. ಪೋಲೆಂಡ್‌ನ 500 ಜ್ಲೋಟಿ ಏಳೂಮುಕ್ಕಾಲು ವರ್ಷ 500 ಆಗಿಯೇ ಇತ್ತು. ಬೆಲೆ ಏರುತ್ತಾ ಏರುತ್ತಾ ಅದರ ಬಲ ಕುಗ್ಗಿತು, 2024ರ ಜನವರಿಯಲ್ಲಿ 800 ಮಾಡಿದರು. ಅದೂ ಕಾನೂನಿನ ಸೂತ್ರದಿಂದ ಏರಿದ್ದಲ್ಲ, ಚುನಾವಣೆಯ ಕಾಲದ ಭರವಸೆಯಿಂದ. ಹಾಗಾಗಿ ಯಾವ ಯೋಜನೆ ನೋಡಿದರೂ ನಾನು ಮೊದಲು ಹುಡುಕುವುದು ಒಂದು ಸಾಲು: ಬೆಲೆಯ ಜೊತೆ ಈ ಮೊತ್ತ ತಾನಾಗಿಯೇ ಏರುತ್ತದಾ? ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಆ ಸಾಲಿಲ್ಲ. ನಮ್ಮ ದೇಶದ ಬಡ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಿಂಚಣಿಯ ಪಾಲಿನಲ್ಲೂ ಇಲ್ಲ. 80 ವರ್ಷ ತುಂಬದವರಿಗೆ ಅದು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. ಇವತ್ತಿಗೂ 200. ಆಗ ಅಷ್ಟಕ್ಕೆ ಎಷ್ಟು ತೊಗರಿಬೇಳೆ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಅಂತ ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ.